ಎತ್ತಿನಂತೆ ಕಟ್ಟಿದ ಬಾರ್ಜು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬಾರ್ಜು ಓರೆಯಾಗತೊಡಗಿತು. ಮೇಲಿನ ಜಲಾಶಯದಿಂದ ನೀರು ಬಿಟ್ಟಿದ್ದರಿಂದ ಮಲಪ್ರಭೆ ಏರುತ್ತಿತ್ತು. ನರಗುಂದದ ಕಡೆಯ ಹಳ್ಳಿಗಳಿಗೆ ಕುಡಿಯುವ ನೀರೆತ್ತುವ ಪಂಪು ಆ ತೇಲುವ ಕಬ್ಬಿಣದ ಹಾಸಿನ ಮೇಲಿತ್ತು. ಗುತ್ತಿಗೆದಾರರ ಇಂಜಿನಿಯರಾದ ನಾನು ದಡದಲ್ಲಿದ್ದೆ. ಪಂಪು ನಡೆಸುವ ಕಾಕಾ ಒಬ್ಬರೇ ಬಾರ್ಜಿನ ಮೇಲಿದ್ದರು.

ನೀರು ಏರಿದರೆ ಬಾರ್ಜೂ ಏರಬೇಕು. ಆದರೆ ಬೆಳವಣಕಿಯ ಒಕ್ಕಲು ಮನೆತನದ ಕಾಕಾ ಅದನ್ನು ಎತ್ತು ಕಟ್ಟುವ ಹಾಗೆ ದಡದ ಗೂಟದ ಬುಡಕ್ಕೆ ಗಿಡ್ಡ ಹಗ್ಗದಿಂದ ಬಿಗಿದಿದ್ದರು. ಕಟ್ಟಿದ ಮಗ್ಗುಲು ಅಲ್ಲೇ ಉಳಿಯಿತು, ಇನ್ನೊಂದು ಮೇಲೆದ್ದಿತು. ಕಾಕಾ ಜಾರಿ ಬಾರ್ಜಿಗೂ ದಡದ ಕಲ್ಲುಗೋಡೆಗೂ ನಡುವೆ ಬಿದ್ದರು. ಅವರಿಗೆ ಈಜು ಬಾರದು. ನಾನು ಕೂಗಿದೆನೋ ಇಲ್ಲವೋ, ಇವತ್ತಿಗೂ ನೆನಪಾಗುವುದಿಲ್ಲ. ಪಕ್ಕದ ಹೊಲದಲ್ಲಿ ಗೋವಿನಜೋಳಕ್ಕೆ ನೀರು ಹಾಯಿಸುತ್ತಿದ್ದ ಇಬ್ಬರು ಓಡಿಬಂದರು. ಒಬ್ಬ ಕುಡಗೋಲಿನಿಂದ ಹಗ್ಗ ಕೊಯ್ದ. ಬಾರ್ಜು ಗೋಡೆಯಿಂದ ಸರಿಯಿತು. ಇನ್ನೊಬ್ಬ ರುಮಾಲು ಬಿಚ್ಚಿ ಎಸೆದು ಕಾಕಾನನ್ನು ಎಳೆದುಕೊಂಡ.

ಒಂದು ಪಕ್ಕೆಲುಬು ಮುರಿದಿತ್ತು, ಅಷ್ಟೇ. ದವಾಖಾನೆಯಲ್ಲಿ ಅವರು ನನಗೇ ಸಮಾಧಾನ ಹೇಳಿದರು.

"ಸಡಲ ಬಿಟ್ರ ಹರದ್ಕೊಂಡ ಹೋಗ್ತೈತಿ ಅಂತ ಬಿಗದ ಕಟ್ಟಿದ್ನಿರಿ, ಅಕ್ಕಾರ."

ಅವರ ಹೆಂಡತಿ ಕಾಕೂ ಅಲ್ಲೇ ಗಂಜಿ ಆರಿಸುತ್ತಿದ್ದರು. "ಎತ್ತು ಮಲಗಿದಾಗ ಕಣ್ಣಿ ಹಗ್ಗದ ಅಳತಿ ತಗೊಂಡ್ರ, ಅದು ಏಳೂದು ಹ್ಯಾಂಗ?" ಎಂದರು. ಕಾಕಾ ನಗಲು ಹೋಗಿ ಪಕ್ಕೆ ಹಿಡಿದುಕೊಂಡರು.

ಬಾರ್ಜಿಗೆ ಯಾವ ಸುರಕ್ಷತಾ ನಿಯಮ ಅನ್ವಯಿಸುತ್ತದೆ ಎಂದು ಕೇಳಿಕೊಂಡು ನಾನು ಕಚೇರಿಗಳನ್ನು ಸುತ್ತಿದೆ. ಇದು ತೇಲುತ್ತದೆ, ಕಾರ್ಖಾನೆಯಲ್ಲ ಎಂದರು ಒಂದು ಕಡೆ. ಎಲ್ಲಿಗೂ ಹೋಗುವುದಿಲ್ಲ, ದೋಣಿಯಲ್ಲ ಎಂದರು ಇನ್ನೊಂದು ಕಡೆ. ಎರಡೂ ಕಡೆ ಚಹಾ ಕುಡಿಸಿದರು. ಕೊನೆಗೆ ಒಬ್ಬ ಅಧಿಕಾರಿ, ತೇಲಲಿ ನಿಲ್ಲಲಿ, ಕೆಲಸಕ್ಕೆ ಇಟ್ಟುಕೊಂಡವರ ಹೊಣೆ ತಪ್ಪುವುದಿಲ್ಲ, ಕಾರ್ಖಾನೆ, ದೋಣಿ ಎರಡರ ನಿಯಮಗಳಲ್ಲಿ ಬಿಗಿಯಾದದ್ದನ್ನೇ ಪಾಲಿಸಿ ಎಂದರು. ಗುತ್ತಿಗೆದಾರರು ಗೊಣಗುತ್ತಲೇ ಸುತ್ತ ಕಟಕಟೆ, ಹತ್ತಲು ಏಣಿ, ಜೀವರಕ್ಷಕ ಜಾಕೀಟು ಕೊಡಿಸಿದರು. ಹಗ್ಗದ ತುದಿಗೆ, ಉದ್ದನೆಯ ಕಂಬದ ಗುಂಟ ಏರಿಳಿಯುವ ಕಬ್ಬಿಣದ ಬಳೆ ಬಂತು. ಒಬ್ಬರೇ ಬಾರ್ಜು ಹತ್ತುವಂತಿಲ್ಲ ಎಂದೂ ಆಯಿತು.

ಆದರೂ ನನಗೆ ನಿದ್ದೆ ಇರಲಿಲ್ಲ. ಕಣ್ಣು ಹತ್ತಿದರೆ ಗೋಡೆ, ಬಾರ್ಜು, ನಡುವಿನ ಕಪ್ಪು ನೀರು.

ಪಕ್ಕೆ ಕೂಡಿದ ಮೇಲೆ ಕಾಕಾ ಕೆಲಸಕ್ಕೆ ಬಂದರು. ಕಿತ್ತಳೆ ಬಣ್ಣದ ಜಾಕೀಟು ನೋಡಿ, "ಕಾರ ಹುಣ್ಣಿವಿ ಎತ್ತಿನಂಗ ಸಿಂಗಾರ ಮಾಡಾಕ ಹತ್ತೀರಲ್ಲರಿ" ಎಂದರು. ತೊಡದೆ ಪಂಪು ಚಾಲೂ ಮಾಡಲು ನಾನು ಬಿಡಲಿಲ್ಲ. ಕೆಲ ದಿನಗಳಲ್ಲೇ ಮತ್ತೆ ನೀರು ಬಿಟ್ಟರು. ನಾನು ದಡದಲ್ಲಿ ನಿಂತು ಕಂಬವನ್ನೇ ನೋಡುತ್ತಿದ್ದೆ. ಬಳೆ ಕಂಬದ ಗುಂಟ ಕರಕರ ಎನ್ನುತ್ತ ಮೇಲೇರಿತು, ಬಾರ್ಜು ಸಮನಾಗಿ ಎದ್ದಿತು. ಕಾಕಾ ಜೊತೆಗಾರನ ಮುಂದೆ ಏನೋ ಹೇಳಿಕೊಂಡು ನಗುತ್ತಿದ್ದರು. ನದಿ ಏರಿದ್ದು ಅವರ ಗಮನಕ್ಕೇ ಬರಲಿಲ್ಲ.

ಮರುದಿನ ನನಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು.