ಪ್ರಶ್ನಾರ್ಥಕ ಚಿಹ್ನೆಗಳ ಸಾಲು

ಮನೆಯಲ್ಲಿ ಅವನಿಗೆ ‘ಕಂಪ್ಯೂಟರ್ ಡಾಕ್ಟರು’ ಎಂಬ ಬಿರುದು. ದಯಪಾಲಿಸಿದವರು ಬಾವ. ಯಾವ ಅರ್ಥದಲ್ಲಿ ಎಂದು ಕೇಳುವ ಧೈರ್ಯ ಅವನಿಗಿನ್ನೂ ಬಂದಿಲ್ಲ.

ಅಕ್ಕ-ಬಾವನದು ಕನ್ನಡಕದ ಅಂಗಡಿ. ಅಲ್ಲಿ ಗಾಜಿನ ಪವರ್ ಅಳೆಯುವ ಯಂತ್ರಕ್ಕೆ ಹೊಸ ಪ್ರೋಗ್ರಾಂ ಬೇಕಾದಾಗ, ತಮ್ಮನಿರುವಾಗ ಹೊರಗಿನವರೇಕೆ ಎಂದು ಅಕ್ಕ ಗಂಡನೊಡನೆ ಹಟ ಹಿಡಿದು ಕೆಲಸ ಕೊಡಿಸಿದ್ದಳು. ಆ ಹುಮ್ಮಸ್ಸಿನಲ್ಲಿ ಅವನು ಅಂಗಡಿಯ ಕಂಪ್ಯೂಟರನ್ನು ಪೂರ್ತಿ ಕನ್ನಡಕ್ಕೆ ತಿರುಗಿಸಿ, ಭಾಷೆಯ ಬಗ್ಗೆ ಪುಟ್ಟದೊಂದು ಭಾಷಣವನ್ನೂ ಬಿಗಿದಿದ್ದ. ಇವತ್ತು ಬೆಳಗ್ಗೆ ಬಂದವನು, ಬೇಡದ ಫೈಲುಗಳು ತುಂಬಿಕೊಂಡಿವೆ ಎಂದು ಕಸವನ್ನೂ ಗುಡಿಸಿದ.

ಆಮೇಲೆ ಯಂತ್ರ ಬಾಯಿ ಬಿಡಲಿಲ್ಲ. ಅದರೊಡನೆ ಮಾತಾಡಲು ಯಂತ್ರದ ಕಂಪನಿಯವರೇ ಕೊಟ್ಟ ಮಾಡ್ಯೂಲೊಂದನ್ನು ಪ್ರೋಗ್ರಾಂ ಎತ್ತಿಕೊಳ್ಳಬೇಕು, ಎತ್ತಿಕೊಳ್ಳಲಾಗಲಿಲ್ಲ. ಪರದೆಯಲ್ಲಿ ಏಕೆಂದು ಹೇಳಬೇಕಾದ ಜಾಗದಲ್ಲಿ ಒಂದರ ಬೆನ್ನಿಗೊಂದು ಪ್ರಶ್ನಾರ್ಥಕ ಚಿಹ್ನೆಗಳು.

ಅವನು ಗಂಭೀರವಾಗಿ ತಲೆಯಾಡಿಸಿದ. ವೈರು ಬದಲಿಸಿದ, ಕಂಪ್ಯೂಟರನ್ನು ಆರಿಸಿ ಹಚ್ಚಿದ, ಕರೆಂಟನ್ನು ಬೈದ.

“ಪಾಪ, ಅದು ನಿನ್ನನ್ನೇ ಏನೋ ಕೇಳ್ತಿದೆ ಕಣೋ, ಉತ್ತರ ಹೇಳು,” ಎಂದರು ಬಾವ. ಸಂಜೆಯೊಳಗೆ ಸರಿಹೋಗದಿದ್ದರೆ ಹಳೆಯ ರಿಪೇರಿಯವನನ್ನೇ ಕರೆಸುವುದಾಗಿಯೂ ಹೇಳಿದರು. ಅಕ್ಕ ಒಂದೇ ಫ್ರೇಮನ್ನು ಒರೆಸುತ್ತಲೇ ಇದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಕಳೆದ ಮೇಲೆ ಡಾಕ್ಟರಿಗೆ ಜ್ಞಾನೋದಯವಾಯಿತು. ಕಂಪ್ಯೂಟರು ಕಾರಣವನ್ನು ಒಪ್ಪವಾಗಿ ಕನ್ನಡದಲ್ಲೇ ಹೇಳುತ್ತಿದೆ; ಅದನ್ನು ಕೇಳಿ ತಿಳಿಸಬೇಕಾದ ಪ್ರೋಗ್ರಾಮಿನ ಸಾಲನ್ನು ಇವನು ಹಳೇ ಕಾಲದ ಪದ್ಧತಿಯಲ್ಲಿ ಬರೆದಿದ್ದಾನೆ. ಆ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳಿಗೆ ಜಾಗವೇ ಇಲ್ಲ, ಸಿಕ್ಕಿದ್ದನ್ನೆಲ್ಲ ಪ್ರಶ್ನಾರ್ಥಕ ಮಾಡಿಬಿಡುತ್ತದೆ. ಪ್ರೋಗ್ರಾಂ ಬರೆದು ಪರೀಕ್ಷಿಸಿದ್ದ ಅವನ ಆಫೀಸಿನ ಕಂಪ್ಯೂಟರು ಇಂಗ್ಲಿಷಿನಲ್ಲಿದ್ದುದರಿಂದ ಅಲ್ಲಿ ಗೊತ್ತಾಗಿರಲಿಲ್ಲ. ಭಾಷಣ ಮಾಡಿದವನೇ ಕನ್ನಡಕ್ಕೆ ಬಾಗಿಲು ಹಾಕಿದ್ದ.

ಸಾಲನ್ನು ತಿದ್ದಿದ. ಪರದೆ ಮೇಲೆ ಅಚ್ಚಗನ್ನಡ ಮೂಡಿತು. ಅಕ್ಕ ಬಗ್ಗಿ ಗಟ್ಟಿಯಾಗಿ ಓದಿದಳು: “ಮಾಡ್ಯೂಲ್‌ಗೆ ಬೇಕಾದ ಫೈಲು ಕಂಡುಬರುತ್ತಿಲ್ಲ.”

“ಬೆಳಗ್ಗೆ ಯಾರೋ ಕಸ ಗುಡಿಸಿದ್ರಲ್ಲ?” ಎಂದರು ಬಾವ, ಯಾರನ್ನೂ ನೋಡದೆ.

ಅವನು ಕಸದ ಬುಟ್ಟಿಯಿಂದ ಫೈಲನ್ನು ಸದ್ದಿಲ್ಲದೆ ವಾಪಸು ತಂದಿಟ್ಟ. ಯಂತ್ರ ಗುಂಯ್‌ಗುಟ್ಟಿತು. ಅಕ್ಕ ಕೊನೆಗೂ ಫ್ರೇಮನ್ನು ಕೆಳಗಿಟ್ಟಳು. ಬಾವ ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡರು.

“ಹೆಂಗೂ ಕನ್ನಡ ಬರತ್ತಲ್ಲ ಈಗ, ಫೈಲನ್ನ ಅಳಿಸಿದ್ದು ಯಾರು ಅಂತಾನೂ ಅದರಲ್ಲಿ ಬರೋ ಹಾಗೆ ಮಾಡ್ಬಿಡು.”

“ಅದೆಲ್ಲ ಆಗಲ್ಲ ಬಾವ,” ಎಂದ ಡಾಕ್ಟರು. ಇಡೀ ದಿನದಲ್ಲಿ ಅವನು ತಡವರಿಸದೆ ಕೊಟ್ಟ ಉತ್ತರ ಅದೊಂದೇ.