ಕಾರಿಗೆ ಜಾಗ ಮಾಡಲು ಹೋಗಿ

ನೀರಿನ ಟ್ಯಾಂಕರಿನವನು ನಮ್ಮ ಕಾರಿನ ಸೈಡ್ ಮಿರರ್ ಮುರಿದು ಹಾಕಿದ. ಮುರಿದು ಓಡಿಹೋಗಲಿಲ್ಲ. ಗಾಡಿ ನಿಲ್ಲಿಸಿ ಇಳಿದು ಬಂದು, ಮುರಿದ ಕನ್ನಡಿಯನ್ನು ತಾಂಬೂಲ ಕೊಡುವ ಹಾಗೆ ಎರಡೂ ಕೈಯಿಂದ ನಮ್ಮ ಯಜಮಾನರಿಗೆ ಕೊಟ್ಟ. ಆಮೇಲೆ ಒಂದು ಪ್ರಶ್ನೆ ಕೇಳಿದ.

"ಸಾರ್, ಇಷ್ಟು ದೊಡ್ಡ ಗ್ಯಾರೇಜ್ ಐತಲ್ರಿ. ಕಾರು ಯಾಕ ಓಣ್ಯಾಗ ನಿಲ್ಸೀರಿ?"

ಬೈಯಲು ಹೊರಟಿದ್ದ ಯಜಮಾನರು ಮುರಿದ ಕನ್ನಡಿಯ ಧೂಳು ಒರೆಸತೊಡಗಿದರು. ಏನಂತ ಹೇಳುವುದು? ಒಳಗೆ ಸುಟ್ಟುಹೋದ ಕೂಲರ್ ಇದೆ, ಅದಕ್ಕೆ ಬಿಸಿಲು ತಾಗಬಾರದು ಅಂತಲೇ?

ಯಜಮಾನರ ಹೆಸರು ವೀರೇಶ. (ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂದಿದ್ದರು ನಮ್ಮತ್ತೆ. ಪೇಪರಿನಲ್ಲಿ ಬರೆಯಬಾರದು ಅಂದಿರಲಿಲ್ಲ.) ಮನೆ ಕಟ್ಟಿಸುವಾಗ ಇವರು ಅಡುಗೆಮನೆಯನ್ನು ಚಿಕ್ಕದು ಮಾಡಿ ಗ್ಯಾರೇಜನ್ನು ದೊಡ್ಡದು ಮಾಡಿಸಿದರು. ಆಗ ನಮ್ಮಲ್ಲಿ ಕಾರಿರಲಿಲ್ಲ. ಕಾರು ಬರುವ ಹೊತ್ತಿಗೆ ಗ್ಯಾರೇಜಿನಲ್ಲಿ ಜಾಗವಿರಲಿಲ್ಲ.

ಏನೇನಿತ್ತು ಅಂತೀರಾ? ಆ ಕೂಲರ್. ಮೂರೇ ಕಾಲಿನ ಕುರ್ಚಿ. ಮಗಳ ಸೈಕಲ್ (ಮಗಳು ಈಗ ಸ್ಕೂಟಿ ಓಡಿಸುತ್ತಾಳೆ). ಉಳಿದ ಟೈಲ್ಸು, ಬಣ್ಣದ ಖಾಲಿ ಬಕೆಟ್ಟುಗಳು. ಟಿವಿ ಬಂದ ರಟ್ಟಿನ ಪೆಟ್ಟಿಗೆ. ಆ ಟಿವಿ ಕೆಟ್ಟು ಬೇರೆ ಟಿವಿ ಬಂದಿದೆ, ಪೆಟ್ಟಿಗೆ ಮಾತ್ರ ಗಟ್ಟಿಮುಟ್ಟಾಗಿದೆ. ಯಾವುದನ್ನು ಮುಟ್ಟಿದರೂ ಒಂದೇ ಮಾತು: "ಇರ್ಲಿ ಬಿಡು, ಮುಂದ ಬೇಕಾಗ್ತದ."

ಮೂಲೆಯಲ್ಲಿ ಹಳೇ ಬೆಡ್‌ಶೀಟ್ ಹೊದಿಸಿದ ಎರಡು ಹೊಲಿಗೆ ಮಷೀನು. ಅವು ಗಿರಿಜಕ್ಕನವು.

ಗಿರಿಜಕ್ಕ ಇವರ ಅಕ್ಕ. ಆಂಧ್ರದ ಗಡಿಯಲ್ಲಿರುವ ನಮ್ಮ ರಾಯದುರ್ಗ ಜೀನ್ಸ್ ಹೊಲಿಯುವ ಊರು; ಯಾವ ಓಣಿಗೆ ಹೋದರೂ ಮಷೀನಿನ ಸದ್ದು. ಗಂಡ ತೀರಿಕೊಂಡ ಮೇಲೆ ಅಕ್ಕ ಅದೇ ಸದ್ದಿನಲ್ಲಿ ಮಗಳನ್ನು ಓದಿಸಿ, ಮಡಕಶಿರಕ್ಕೆ ಮದುವೆ ಮಾಡಿ ಕೊಟ್ಟಳು. ಮಗಳ ಬಾಣಂತನಕ್ಕೆ ಅಂತ ಹೋದವಳನ್ನು ಎಲ್ಲರೂ ಸೇರಿ ಅಲ್ಲೇ ಕೂರಿಸಿದೆವು. ಸಾಕು ದುಡಿದದ್ದು, ಇನ್ನು ಆರಾಮಾಗಿರು ಅಂದೆವು. ಅವಳ ಹೊಲಿಗೆ ಅಂಗಡಿ ಬಿಡಿಸಿ ಮಷೀನು ತಂದು ಗ್ಯಾರೇಜಿನಲ್ಲಿಟ್ಟೆವು. ಅವಳನ್ನು ಮಾತ್ರ ಯಾರೂ ಏನೂ ಕೇಳಿದ ನೆನಪಿಲ್ಲ.

ಕನ್ನಡಿ ಮುರಿದ ಸಂಜೆಯಿಂದ ಯಜಮಾನರು ಯೂಟ್ಯೂಬ್ ಹಿಡಿದರು. ಅಲ್ಲಿನ ಗ್ಯಾರೇಜುಗಳನ್ನು ನೀವು ನೋಡಬೇಕು. ಸ್ಕ್ರೂಡ್ರೈವರುಗಳು ಎತ್ತರದ ಪ್ರಕಾರ ಶಾಲಾ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತವೆ. ಪಾರದರ್ಶಕ ಡಬ್ಬಿಗಳ ಮೇಲೆ ಚೀಟಿ. ನೆಲ ನಮ್ಮ ಊಟದ ತಟ್ಟೆಗಿಂತ ಸ್ವಚ್ಛ.

"ನಮ್ಮದೂ ಹಿಂಗ ಮಾಡೋಣ" ಅಂದರು. ಆಮೇಲೆ ಆ ಡಬ್ಬಿಗಳ ರೇಟು ನೋಡಿ ಫೋನು ಬೋರಲು ಹಾಕಿಟ್ಟರು. "ಲೋ ಬಜೆಟ್‌ನಾಗ ಮಾಡೋಣ" ಅಂದರು. ನಮ್ಮ ಮನೆಯಲ್ಲಿ ಲೋ ಬಜೆಟ್ ಅಂದರೆ ಇವರ ಐಡಿಯಾ, ನನ್ನ ಕೈಕೆಲಸ.

ಬಣ್ಣದ ಬಕೆಟ್ಟುಗಳನ್ನು ನಾನು ತೊಳೆದು ಒಣಗಿಸಿದೆ. ಮೊಳೆ ಒಂದರಲ್ಲಿ, ವೈರು ಇನ್ನೊಂದರಲ್ಲಿ. ಮುಚ್ಚಿಹೋದ ಮೆಡಿಕಲ್ ಶಾಪಿನ ಕಬ್ಬಿಣದ ರ‍್ಯಾಕ್ ಒಂದನ್ನು ಇವರು ಚೌಕಾಸಿ ಮಾಡಿ ತಂದರು. ಅದರ ಮೇಲೆ ಇನ್ನೂ 'ಕೆಮ್ಮು, ನೆಗಡಿ' ಅಂತ ಬರೆದಿದೆ, ಈಗ ಅಲ್ಲಿ ಪಾನಾ, ಸುತ್ತಿಗೆ ಇವೆ. ನಮ್ಮೂರಲ್ಲಿ ಜೀನ್ಸ್ ತುಂಡುಗಳಿಗೇನು ಬರವೇ? ಒಂದು ಚೀಲ ತಂದು, ಹಳೇ ಪ್ಯಾಂಟುಗಳ ಜೇಬುಗಳನ್ನು ದಪ್ಪ ಬಟ್ಟೆಯ ಮೇಲೆ ಸಾಲಾಗಿ ಕೈಯಲ್ಲೇ ಹೊಲಿದು ಗೋಡೆಗೆ ನೇತುಹಾಕಿದೆ. ಇಕ್ಕಳ, ಟೇಪು, ಬಲ್ಬು ಎಲ್ಲ ಜೇಬಿಗಿಳಿದವು. ಬೆರಳಿಗೆ ಸೂಜಿ ಚುಚ್ಚಿಸಿಕೊಂಡವಳು ನಾನು. ಫೋಟೋ ತೆಗೆದು 'ನಮ್ಮ ಹೊಸ ಗ್ಯಾರೇಜ್' ಎಂದು ಸ್ಟೇಟಸ್ ಹಾಕಿದವರು ಇವರು.

ಕೂಲರ್, ಕುರ್ಚಿ, ಪೆಟ್ಟಿಗೆ ಗುಜರಿಗೆ ಹೋದವು. ಸೈಕಲ್ ಅಗಳಿ ಊರಿನಲ್ಲಿರುವ ನನ್ನ ತಂಗಿಯ ಮಗಳಿಗೆ ಹೋಯಿತು. ಉಳಿದದ್ದು ಆ ಎರಡು ಮಷೀನು. ಅವು ಹೋದರೆ ಕಾರು ಸಲೀಸಾಗಿ ಒಳಗೆ.

ಜೀನ್ಸ್ ಯೂನಿಟ್ ನಡೆಸುವ ಒಬ್ಬರು ಕೊಳ್ಳಲು ಒಪ್ಪಿದರು. ಇವರು ಅಕ್ಕನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು.

"ಅಕ್ಕಾ, ಆ ಮಷೀನು ಸುಮ್ನ ತುಕ್ಕು ಹಿಡ್ಯಾಕತ್ತಾವ. ಒಬ್ರು ಕೇಳ್ಯಾರ. ಕೊಟ್ಟು ಬಿಡೋಣೇನು?"

ಆ ಕಡೆ ಟಿವಿಯ ಸದ್ದು ಸಣ್ಣದಾಯಿತು.

"ಕೊಡಪ್ಪ. ನಿನ್ನ ಜಾಗ. ನನ್ನ ಯಾಕ ಕೇಳ್ತಿ?"

"ನೋಡು, ಅಕ್ಕ ಎಷ್ಟು ಸಲೀಸಾಗಿ ಒಪ್ಪಿದ್ಲು" ಎಂದು ಇವರು ನನ್ನ ಕಡೆ ನೋಡಿ ಬೀಗಿದರು. ಹೆಂಗಸರ ದನಿ ಅರ್ಥ ಮಾಡಿಕೊಳ್ಳುವುದರಲ್ಲಿ ಇವರು ಎಂದಿನಿಂದಲೂ ನಿಪುಣರು.

ಕೊಳ್ಳುವವರು ಬರುವ ದಿನ, ಅವರಿಗಿಂತ ಮೊದಲು ಗಿರಿಜಕ್ಕ ಬಂದಳು. ಬೆಳಗಿನ ಬಸ್ಸು ಹಿಡಿದು, ನಡುವೆ ಬಸ್ಸು ಬದಲಿಸಿ, ಹೇಳದೆ ಕೇಳದೆ. "ಕಡೀಗೆ ಒಮ್ಮೆ ನೋಡಿ ಹೋಗೋಣಂತ ಬಂದೆ" ಅಂದಳು. ಚಹಾ ಕೂಡ ಕುಡಿಯದೆ ಗ್ಯಾರೇಜಿಗೆ ಹೋಗಿ ಬೆಡ್‌ಶೀಟ್ ಎತ್ತಿದಳು. ಧೂಳು ಒರೆಸಿದಳು. ಎಣ್ಣೆ ಕೇಳಿ ಇಸಿದುಕೊಂಡು ಸಂದಿಸಂದಿಗೂ ಬಿಟ್ಟಳು. ಮಾರುವ ವಸ್ತುವಿಗೆ ಯಾರಾದರೂ ಇಷ್ಟು ಉಪಚಾರ ಮಾಡುತ್ತಾರೆಯೇ?

ಯೂನಿಟ್‌ನವರು ಬಂದರು. ಮಷೀನಿನ ಸುತ್ತ ಒಂದು ಸುತ್ತು ಹಾಕಿ, "ಇದು ಪಾತ ಮಾಡೆಲ್‌ರಿ" ಅಂದರು. (ಬೆಲೆ ಇಳಿಸುವಾಗ ನಮ್ಮೂರ ವ್ಯಾಪಾರಿಗಳಿಗೆ 'ಹಳೇದು' ಎಂಬ ಕನ್ನಡ ಮರೆತು ತೆಲುಗು ನೆನಪಾಗುತ್ತದೆ.) "ಓಡ್ತಾವೋ ಇಲ್ಲೋ."

ಅಕ್ಕ ಮನೆಯಿಂದ ವೈರು ಎಳೆಸಿ, ದಾರ ಪೋಣಿಸಿ, ಚೀಲದಿಂದ ಜೀನ್ಸ್ ತುಂಡೆರಡನ್ನು ತೆಗೆದು ಜೋಡಿಸಿ ಒಂದು ಹೊಲಿಗೆ ಓಡಿಸಿದಳು. ಆ ಸದ್ದಿಗೆ ಇವರು ಒಳಗಿನಿಂದ ಎದ್ದು ಬಂದರು. ಬಹುಶಃ ಇವರೊಳಗಿದ್ದ ಬಾಲ್ಯ ಎದ್ದು ಬಂತು. ಏಕೆಂದರೆ ಅಕ್ಕ ಮದುವೆಗೆ ಮೊದಲೂ ಹೊಲಿಯುತ್ತಿದ್ದಳು; ಇವರನ್ನು ಓದಿಸಿದ್ದೂ ಅರ್ಧ ಅದೇ ಸದ್ದು.

ಯೂನಿಟ್‌ನವರು ಹೊಲಿಗೆಯ ಮೇಲೆ ಬೆರಳಾಡಿಸಿದರು. "ಅಕ್ಕಾರ, ಮಷೀನು ಮಾರಿ ನೀವೇನು ಮಾಡ್ತೀರಿ? ನಮಗ ಕೈ ಕಮ್ಮಿ ಅದಾವ್ರಿ. ಹೊಲೀತೀನಿ ಅಂದ್ರ ಮಾಲು ಇಲ್ಲಿಗೇ ಕಳಿಸ್ತೀನಿ."

ಅಕ್ಕ ಮಷೀನು ಆಫ್ ಮಾಡಿದಳು. "ನಾ ಮಗಳ ಮನ್ಯಾಗಿರಾಕಿರಿ" ಅಂದಳು. ಅವರು ನಾಳೆ ಹೇಳಿ ಅಂತ ಹೊರಟರು.

ಅವರು ಹೋದ ಮೇಲೆ ನಾನು ಕೇಳಿದೆ: "ಅಕ್ಕ, ಅಲ್ಲಿ ಏನಾದ್ರೂ ತೊಂದ್ರೀನಾ?"

"ಇಲ್ಲವಾ. ಅಳಿಯ ಬಂಗಾರದಂಥಾವ. ಮೂರು ಹೊತ್ತೂ ಕುಂತಲ್ಲಿ ಊಟ. ಟಿವಿ ಹಚ್ಚಿ ಕೊಡ್ತಾರ." ದಾರ ಸುತ್ತುತ್ತಾ ಮುಂದುವರಿಸಿದಳು. "ಆದ್ರ ನೋಡು ಶಾಂತಾ, ಅಷ್ಟು ದೊಡ್ಡ ಮನ್ಯಾಗ ನನ್ನ ಸೂಜಿ ಡಬ್ಬಿ ಇಡಾಕ ಜಾಗ ಇಲ್ಲ. ಎಲ್ಲಿಟ್ರೂ 'ಯಾಕಮ್ಮ ಇದು, ಇನ್ನ ಬ್ಯಾಡ' ಅಂತ ಎತ್ತಿ ಮ್ಯಾಲಿಡ್ತಾರ. ನನ್ನ ಕೈಗೆ ಎಟಕಂಗಿಲ್ಲ."

ಇವರು ಕಾರಿನ ಕೀ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ನಾನು ಇವರ ಮುಖ ನೋಡಲಿಲ್ಲ. ನೋಡಿದ್ದರೆ ಏನಾದರೂ ಅನ್ನಬೇಕಾಗುತ್ತಿತ್ತು.

ಸಂಜೆ ಗ್ಯಾರೇಜಿನಿಂದ ಕಬ್ಬಿಣ ಎಳೆಯುವ ಸದ್ದು. ಹೋಗಿ ನೋಡಿದರೆ ಇವರು ಒಬ್ಬರೇ ಬೆವರು ಸುರಿಸಿಕೊಂಡು ರ‍್ಯಾಕನ್ನು ಇನ್ನೊಂದು ಗೋಡೆಗೆ ಸರಿಸುತ್ತಿದ್ದಾರೆ. "ವೈರ್‌ಮ್ಯಾನ್‌ಗೆ ಹೇಳೀನಿ. ಪ್ಲಗ್ ಪಾಯಿಂಟ್ ಕಿಟಕಿ ಹತ್ರ ಬರ್ಲಿ, ಅಕ್ಕಗ ಬೆಳಕು ಬೇಕು" ಎಂದರು. ಕಾರಿನ ಬಗ್ಗೆ ಕೇಳಿದ್ದಕ್ಕೆ, "ಕವರ್ ತರಿಸೀನಿ ಬಿಡು" ಅಂದರು. ಮದುವೆಯಾದ ಮೇಲೆ ಇವರನ್ನು ಮನಸಾರೆ ಮೆಚ್ಚಿಕೊಂಡ ದಿನಗಳು ಹೆಚ್ಚಿಲ್ಲ. ಅವತ್ತು ಒಂದು ಸೇರಿತು. (ಹೇಳಿಲ್ಲ. ಹೇಳಿದರೆ ಅದನ್ನೂ ಸ್ಟೇಟಸ್ ಹಾಕುತ್ತಾರೆ.)

ಅಕ್ಕ ನಮ್ಮಲ್ಲೇ ಉಳಿದಳು. ವಾರದೊಳಗೆ ಅವಳ ಅಳಿಯ ಟ್ರಂಕು ತಂದ. ಮುಖ ಸಪ್ಪಗಿತ್ತು.

"ನಮ್ಮನೇಲಿ ಅತ್ತೇಗೆ ಏನ್ ಕಮ್ಮಿ ಮಾಡಿದ್ವಿ ಹೇಳಿ ಮಾವ. ಅತ್ತೇನ ಇಟ್ಕಳಕ್ಕಾಗ್ದೆ ಕಳಿಸ್ಬಿಟ್ರು ಅಂತಾರೆ ಜನ."

"ಇಟ್ಕಣಾಕ ನಾನೇನು ಸಾಮಾನೇನಪ್ಪ?" ಅಂದಳು ಅಕ್ಕ, ನಗುತ್ತಲೇ. "ಹಬ್ಬಕ್ಕ ಬರ್ತೀನಿ. ಮೊಮ್ಮಗಗ ಚಡ್ಡಿ ಹೊಲ್ಕಂಡು ಬರ್ತೀನಿ." ಅವನೂ ನಕ್ಕ, ಅರ್ಧ ಮನಸ್ಸಿನಿಂದ. ಊಟ ಮಾತ್ರ ಪೂರ್ತಿ ಮಾಡಿ ಹೋದ.

ಈಗ ನಮ್ಮ ಗ್ಯಾರೇಜಿನಲ್ಲಿ ಬೆಳಗಾದರೆ ಮಷೀನಿನ ಸದ್ದು. ಯೂನಿಟ್‌ನಿಂದ ಮಾಲು ಬರುತ್ತದೆ, ಹೋಗುತ್ತದೆ. ಯಜಮಾನರು ಬಂದವರಿಗೆಲ್ಲ ಇದು ಮೊದಲಿನಿಂದಲೂ ತಮ್ಮ 'ಪ್ಲಾನ್' ಆಗಿತ್ತು ಅಂತ ವಿವರಿಸುತ್ತಾರೆ.

ಮಧ್ಯಾಹ್ನ ಓಣಿಯ ಹೆಂಗಸರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. "ಪಾಪ, ಈ ವಯಸ್ಸಿನಾಗ ದುಡಿಯೋ ಕರ್ಮ ನೋಡ್ರಿ" ಎಂದು ನನ್ನ ಕಿವಿಯಲ್ಲಿ ನಿಟ್ಟುಸಿರು ಬಿಡುತ್ತಾರೆ. ಮರುಕ್ಷಣವೇ ಚೀಲದಿಂದ ಬ್ಲೌಸ್ ಪೀಸ್ ತೆಗೆದು ಒಳಗೆ ಚಾಚುತ್ತಾರೆ: "ಗಿರಿಜಕ್ಕಾರ, ನಾಳೀಗೇ ಬೇಕ್ರಿ."

ಅಷ್ಟೊಂದು ಕನಿಕರ ಉಳ್ಳವರು ನಾಡಿದ್ದಿನವರೆಗೆ ಕಾಯಬಾರದೇ?