ಕುರಿಗಳ ಮೇಲೆ ಹೊರಿಸಿದ ತಪ್ಪು

ರಾಯಚೂರಿನ ಬಸ್ ನಿಲ್ದಾಣದಲ್ಲಿ ದೇವದುರ್ಗದ ಗಾಡಿ ಹತ್ತಿದಾಗ ಬೆಳಗಿನ ಏಳು ಗಂಟೆ. ೧೯೮೩ರ ಶ್ರಾವಣ. ವಾರವಿಡೀ ಸುರಿದ ಮಳೆ ಹಿಂದಿನ ದಿನವಷ್ಟೇ ಬಿಟ್ಟಿತ್ತು. ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಕುರ್ಪಿ, ಬೇರು ತುಂಬಲು ನಾಲ್ಕು ಸಣ್ಣ ಸೀಸೆ, ಜೊತೆಗೆ ಐದು ವರ್ಷದ ಹಿಂದೆ ನಾನೇ ಬರೆದ ವರದಿಯ ಪ್ರತಿ ಇದ್ದವು. ಮಣ್ಣಿನ ಮಾದರಿ ತರಲು ಹೋಗುತ್ತೇನೆಂದು ಕಚೇರಿಯಲ್ಲಿ ಹೇಳಿದ್ದೆ. ಅದು ಅರ್ಧ ಮಾತ್ರ ನಿಜ.

ನಾನಾಗ ಮಣ್ಣು ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಸಹಾಯಕನಾಗಿದ್ದೆ. ಎಪ್ಪತ್ತೆಂಟರಲ್ಲಿ ದೇವದುರ್ಗದ ಆಚೆಯ ಒಂದು ಹಳ್ಳಿಗೆ ಹೋಗಿ, ದನ ಕುರಿ ಮೇಯುವ ಊರ ಗಾಯರಾಣದ ಅರ್ಧ ಭಾಗಕ್ಕೆ ಟ್ರ್ಯಾಕ್ಟರ್ ಹೊಡೆಸಿ ಹೊಸ ತಳಿಯ ಹುಲ್ಲು ಬಿತ್ತಿಸಿದ್ದೆ. ಬೀಜ ಮೊಳೆಯಿತು, ಗೇಣುದ್ದ ಬೆಳೆಯಿತು, ಆಮೇಲೆ ಎಲೆ ನೇರಳೆ ಬಣ್ಣಕ್ಕೆ ತಿರುಗಿ ಒಣಗಿತು. ಕಾರಣ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಬರೆಯಲು ಮೇಲಿನವರ ಭಯ. ಊರಿನ ಕುರಿಗಾರ ಮಾಳಪ್ಪನ ಹಿಂಡು ನುಗ್ಗಿ ಮೊಳಕೆ ತಿಂದುಹಾಕಿತು ಎಂದು ಬರೆದು ಸಹಿ ಮಾಡಿದೆ.

ಎಂಬತ್ಮೂರರ ಬೇಸಿಗೆಯಲ್ಲಿ ನಮ್ಮ ಪ್ರಯೋಗಾಲಯದ ಒಬ್ಬರು ಬೇರುಗಳನ್ನು ಕ್ಷಾರದಲ್ಲಿ ಕುದಿಸಿ ನೀಲಿ ಬಣ್ಣ ಹಾಕಿ ನೋಡುವ ವಿಧಾನ ಕಲಿತು ಬಂದಿದ್ದರು. ಕುತೂಹಲಕ್ಕೆ ನಾನು ಆ ಗಾಯರಾಣದಿಂದ ತಂದು ಸ್ಪಿರಿಟ್‌ನಲ್ಲಿ ಇಟ್ಟಿದ್ದ ಹಳೆಯ ಬೇರುಗಳನ್ನು ಹೊರತೆಗೆದೆ. ಉಳುಮೆ ಕಾಣದ ಕಡೆ ತಾನಾಗಿ ಬೆಳೆದ ಕರಡ ಹುಲ್ಲಿನ ಬೇರೊಳಗೆಲ್ಲ ಶಿಲೀಂಧ್ರದ ನೀಲಿ ಎಳೆಗಳು, ಅಲ್ಲಲ್ಲಿ ಪುಟ್ಟ ಗಿಡದಂತೆ ಕವಲೊಡೆದ ಗುರುತುಗಳು. ನಾವು ಬಿತ್ತಿದ ಹುಲ್ಲಿನ ಬೇರು ಬರಿದು. ಈ ಎಳೆಗಳು ಬೇರು ಮುಟ್ಟದ ದೂರದಿಂದ ರಂಜಕ ತಂದುಕೊಡುತ್ತವೆ, ಅದಕ್ಕೆ ಬದಲಾಗಿ ಹುಲ್ಲು ತಾನು ಮಾಡಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ನೇಗಿಲು ಆ ಬಲೆಯನ್ನೇ ಹರಿದು ಹಾಕಿತ್ತು, ರಂಜಕ ಸಿಗದೆ ಎಲೆ ನೇರಳೆಯಾಗಿತ್ತು. ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಾಗ ನನಗೆ ನೆನಪಾದದ್ದು ಮಾಳಪ್ಪನ ಹೆಸರು.

ದೇವದುರ್ಗ ಮುಟ್ಟಲು ಎರಡೂವರೆ ತಾಸು ಹಿಡಿಯಿತು. ಟಿಕೆಟ್ಟಿಗೆ ಐದು ರೂಪಾಯಿ. ನಿಲ್ದಾಣದ ಪಕ್ಕ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಎರಡು ಹರದಾರಿ ನಡೆದೆ. ಎರೆ ಹೊಲದ ಕೆಸರು ಚಪ್ಪಲಿಗೆ ಮೆತ್ತಿ ಕಾಲು ಭಾರವಾಯಿತು. ಹಳ್ಳಿ ಹತ್ತಿರವಾದಂತೆ ನೆಲ ಕೆಂಪಾಯಿತು, ಕಾಲಿಗೆ ಸಣ್ಣ ಕಲ್ಲಿನ ಗರಸು ಸಿಕ್ಕಿತು.

ಮೊದಲು ಎದುರಾದವರು ಊರ ಪಂಚರಲ್ಲಿ ಒಬ್ಬರಾದ ಬಸಣ್ಣ. ಹಿಂದೆ ಬಂದಾಗ ಅವರ ಪಡಸಾಲೆಯಲ್ಲೇ ನಾನು ಇಳಿದುಕೊಂಡಿದ್ದೆ. "ಬರ್ರಿ ಬರ್ರಿ ಸಾಹೇಬ್ರ, ಮರತಬಿಟ್ರಿ ಅಂತ ಮಾಡಿದ್ವಿ" ಎಂದು ಒಳಗೆ ಕರೆದು ಕೈಕಾಲಿಗೆ ನೀರು ಕೊಟ್ಟರು. ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಉಣ್ಣುತ್ತ ನಾನು ಮಾಳಪ್ಪನನ್ನು ವಿಚಾರಿಸಿದೆ.

"ಅಂವ ಇಲ್ಲಿ ಎಲ್ಲದಾನ್ರೀ? ನಿಮ್ಮ ಕಚೇರಿಯಿಂದ ಬಂದ ವರದಿ ಊರ ಕಟ್ಟಿಮ್ಯಾಲ ಓದಿದ್ರು. ಗಾಯರಾಣಕ್ಕ ಇವನ ಕುರಿ ಕಾಲಿಡಬಾರ್ದು ಅಂತ ನಾವು ಪಂಚರು ಹೇಳಿದ್ವಿ. ಎರಡು ತಿಂಗಳು ನೋಡ್ದ, ಮೇವಿಲ್ಲ. ಹಿಂಡು ಮಾರಿ ಹೆಂಡ್ತಿ ಕರಕೊಂಡು ಮಾನವಿಗೆ ಹೋದ."

ಬಸಣ್ಣ ಪಲ್ಯ ಬಡಿಸುತ್ತ ಮಾತು ಮುಂದುವರಿಸಿದರು. "ಈಗ ಉಳಿದ ಅರ್ಧಾನೂ ಟ್ರ್ಯಾಕ್ಟರ್ ಹೊಡಸಬೇಕಂತ ಮಾಡೀವ್ರೀ. ನೆಲ ಚೊಲೊ ಅದ, ಕುರಿ ಬರದಿದ್ರ ಹುಲ್ಲು ಬರ್ತಿತ್ತು ಅಂತ ನೀವ ಬರದೀರಲ್ಲ. ಮುಂದಿನ ವಾರ ಗಾಡಿ ಬರ್ತದ."

ಆಗಲೇ ಹೇಳಬೇಕಾಗಿತ್ತು. ಇನ್ನೆರಡು ರೊಟ್ಟಿ ಹಾಕಿಸಿಕೊಂಡೆ, "ನೋಡೋಣ್ರೀ" ಎಂದೆ, ಕೈ ತೊಳೆದು ಎದ್ದೆ.

ಸಂಜೆ ಗಾಯರಾಣಕ್ಕೆ ಹೋದೆ. ಉಳುಮೆಯಾಗದ ಕಡೆ ಕರಡ ಹುಲ್ಲು ಮೊಣಕಾಲೆತ್ತರ ನಿಂತಿತ್ತು. ಒಂದು ಬುಡ ಕಿತ್ತಾಗ ಬೇರಿಗೆ ಅಂಟಿದ ಮಣ್ಣು ಸಣ್ಣ ಸಣ್ಣ ಕಾಳಾಗಿ ಜೋತುಬಿದ್ದಿತು, ಝಾಡಿಸಿದರೂ ಉದುರಲಿಲ್ಲ. ನಮ್ಮ ಅರ್ಧದಲ್ಲಿ ಐದು ಮಳೆಗಾಲ ಕಳೆದರೂ ಮುಳ್ಳುಗಂಟಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಮಳೆ ಬಡಿದ ಮೇಲ್ಮಣ್ಣು ಹಪ್ಪಳದಂತೆ ಗಟ್ಟಿಯಾಗಿತ್ತು, ಅದರ ಕೆಳಗಿನದು ಬೆರಳ ಸಂದಿಯಲ್ಲಿ ಹಿಟ್ಟಿನಂತೆ ಸೋರಿತು. ಬಿತ್ತುವ ಮೊದಲು ಮಾಳಪ್ಪ ಇದನ್ನೇ ಕಿತ್ತು ತೋರಿಸಿದ್ದ. "ಈ ಹುಲ್ಲು ಮಣ್ಣು ಹಿಡಕೊಂಡದ್ರೀ, ಬಿಡಿಸಬ್ಯಾಡ್ರಿ" ಎಂದಿದ್ದ. ನಾನು ನಕ್ಕಿದ್ದೆ.

ಸೀಸೆ ತುಂಬಿಕೊಂಡು ಊರೊಳಗೆ ಹೋಗದೆ, ಹೊಲದ ದಾರಿ ಹಿಡಿದು ದೇವದುರ್ಗಕ್ಕೆ ಮರಳಿ ತಂಗಿದೆ.

ಮರುದಿನ ಸಿರವಾರದಲ್ಲಿ ಗಾಡಿ ಬದಲಿಸಿ ಮಾನವಿ ಸೇರುವಷ್ಟರಲ್ಲಿ ಮಧ್ಯಾಹ್ನವಾಯಿತು. ಇದು ಕಾಲುವೆ ನೀರಿನ ಸೀಮೆ. ರಸ್ತೆಯ ಎರಡೂ ಬದಿ ನಾಟಿ ನಡೆದಿತ್ತು. ವಿಚಾರಿಸುತ್ತ ಹೋಗಿ ಒಂದು ಅಕ್ಕಿ ಗಿರಣಿಯ ಮುಂದೆ ಮಾಳಪ್ಪನನ್ನು ಕಂಡೆ. ಹಮಾಲನಾಗಿದ್ದ. ಬೆನ್ನ ಮೇಲಿನ ಚೀಲ ಇಳಿಸಿ, ಹೊಟ್ಟಿನ ಧೂಳು ಒರೆಸಿಕೊಂಡು ನನ್ನನ್ನು ದಿಟ್ಟಿಸಿದ.

"ಹುಲ್ಲಿನ ಸಾಹೇಬ್ರಲ್ಲೇನ್ರೀ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

ಗಿರಣಿಯ ಹಿಂದಿನ ಅವನ ತಗಡಿನ ಮನೆಯಲ್ಲಿ ಕೂತು ಬೇರು, ನೀಲಿ ಎಳೆ, ನೇಗಿಲು ಎಲ್ಲವನ್ನೂ ವಿವರಿಸಿದೆ. ಅವನ ಹೆಂಡತಿ ನಿಂಗವ್ವ ಒಲೆಯ ಬಳಿಯಿಂದಲೇ ಕೇಳುತ್ತಿದ್ದಳು.

"ನಾ ಕುರಿ ಬಿಟ್ಟಿದ್ದು ಅದು ಒಣಗಿದ ಮ್ಯಾಲ್ರೀ" ಎಂದ ಮಾಳಪ್ಪ. "ಅಷ್ಟ ಹೇಳಿದ್ನಿ. ಯಾರೂ ಕೇಳಲಿಲ್ಲ."

"ಈ ಬೇರಿನ ಸಂಗತಿ ಆಗ ನಮಗ ಗೊತ್ತಿರಲಿಲ್ಲ" ಎಂದೆ.

ನಿಂಗವ್ವ ನನ್ನ ಕಡೆ ತಿರುಗಿದಳು. "ಬೇರಿನ ಮಾತ ಬಿಡ್ರಿ. ಕುರಿ ತಿಂದಿಲ್ಲ ಅನ್ನೋದು ಗೊತ್ತಿತ್ತಿಲ್ರೀ?"

ವಿಜ್ಞಾನದ ಮರೆಯಲ್ಲಿ ನಿಲ್ಲಲು ನನಗೆ ಇನ್ನು ಜಾಗ ಉಳಿಯಲಿಲ್ಲ. "ಗೊತ್ತಿತ್ತು" ಎಂದೆ. ತಲೆ ಎತ್ತಲಾಗಲಿಲ್ಲ. ತಪ್ಪಾಯಿತು ಎಂದೂ ಹೇಳಿದೆ. ನನ್ನ ಕಿವಿಗೇ ಅದು ತೀರ ಸಣ್ಣ ಮಾತಾಗಿ ಕೇಳಿಸಿತು.

"ಇಲ್ಲಿ ಹೇಳಿದ್ರ ಕೇಳೋರು ನಾವಿಬ್ರ ಅದೀವಿ" ಎಂದಳು ನಿಂಗವ್ವ. "ನಮಗ ಇದು ಮೊದಲ ಗೊತ್ತದ. ವರದಿ ಓದಿದ ಕಟ್ಟಿಮ್ಯಾಲ ಹೇಳ್ರಿ."

ಮೂರನೆಯ ದಿನ ಮಾಳಪ್ಪ ಗಿರಣಿಗೆ ರಜೆ ಹಾಕಿ ನನ್ನೊಂದಿಗೆ ಬಂದ. ಊರ ಕಟ್ಟೆಯ ಮೇಲೆ ಪಂಚರೂ ಇನ್ನೊಂದಿಷ್ಟು ಜನರೂ ಸೇರಿದರು. ನಾನು ನಿಂತು, ಹಳೆಯ ವರದಿಯ ಆ ಸಾಲನ್ನು ಓದಿ, ಇದು ಸುಳ್ಳು, ಸುಳ್ಳೆಂದು ತಿಳಿದೇ ಬರೆದೆ ಎಂದೆ. ಆಮೇಲೆ ಗಾಯರಾಣದ ಎರಡೂ ಕಡೆಯಿಂದ ತಂದಿದ್ದ ಮಣ್ಣನ್ನು ಬೊಗಸೆಯಲ್ಲಿ ಹಿಡಿದು ತೋರಿಸಿ, ಉಳಿದ ಅರ್ಧಕ್ಕೆ ನೇಗಿಲು ಹಾಕಬೇಡಿ ಎಂದು ಕೇಳಿಕೊಂಡೆ.

ಯಾರೂ ಬೈಯಲಿಲ್ಲ. ಬಸಣ್ಣ ಕೇಳಿದರು: "ಮೊನ್ನಿ ನನ್ನ ಮನ್ಯಾಗ ಕುಂತು ಉಂಡ್ರಿ. ಆವತ್ತ ಯಾಕ ಹೇಳಲಿಲ್ಲ?"

ಆ ಪ್ರಶ್ನೆ ಈಗಲೂ ಊಟಕ್ಕೆ ಕೂತಾಗ ಒಮ್ಮೊಮ್ಮೆ ಎದುರು ಬರುತ್ತದೆ.

ಟ್ರ್ಯಾಕ್ಟರ್ ಬೇಡವೆಂದು ತೀರ್ಮಾನವಾಯಿತು. ಬಸಣ್ಣ ಕಟ್ಟೆಯಿಂದ ಇಳಿದು ಮಾಳಪ್ಪನ ಹತ್ತಿರ ಹೋಗಿ, "ಬಂದಬಿಡಪಾ. ಗಾಯರಾಣ ನಿಂದೂ ಅದ" ಎಂದರು.

"ಬಂದು ಏನ್ ಮೇಸ್ಲಿ ಯಣ್ಣಾ" ಎಂದ ಮಾಳಪ್ಪ. "ಒಂದು ಮರಿ ಉಳಿದಿಲ್ಲ." ಹೇಳಿ ಒಬ್ಬನೇ ಗಾಯರಾಣದ ಕಡೆ ನಡೆದ. ನಾವು ಯಾರೂ ಹಿಂದೆ ಹೋಗಲಿಲ್ಲ. ಅರ್ಧ ತಾಸಿನ ಮೇಲೆ ಬಂದಾಗ ಅವನ ಧೋತರದ ಅಂಚಿಗೆಲ್ಲ ಕರಡ ಹುಲ್ಲಿನ ಮುಳ್ಳುಬೀಜ ಚುಚ್ಚಿಕೊಂಡಿತ್ತು.

ದೇವದುರ್ಗದ ನಿಲ್ದಾಣದಲ್ಲಿ ಅವನ ಬಸ್ಸೂ ನನ್ನ ಬಸ್ಸೂ ಅಕ್ಕಪಕ್ಕ ನಿಂತಿದ್ದವು. ಮರುದಿನ ಬೆಳಿಗ್ಗೆ ಅವನು ಗಿರಣಿಯಲ್ಲಿರಬೇಕಿತ್ತು. ಹೊಸ ವರದಿ ಬರೆಯುತ್ತೇನೆ, ಕಚೇರಿಯಲ್ಲಿ ಏನಾದರೂ ಆಗಲಿ ಎಂದೆ. ಅವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ.

"ಬರೀರಿ. ಆದ್ರ ಇನ್ನ ಮ್ಯಾಲ ಯಾರದರ ಹೆಸರು ಬರಿಯೋದಿದ್ರ, ಮೊದಲು ಅವರ ಮುಂದ ಓದ್ರಿ."

ಅವನ ಬಸ್ಸು ಮೊದಲು ಹೊರಟಿತು. ಅವನು ಕಿಟಕಿಯ ಬದಿಗೇ ಕೂತಿದ್ದ. ಬಗ್ಗಿ, ಧೋತರಕ್ಕೆ ಹತ್ತಿದ ಮುಳ್ಳುಬೀಜಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಬಿಡಿಸಿದ್ದನ್ನು ಹೊರಗೆ ಎಸೆಯದೆ ಅಂಗೈಯಲ್ಲೇ ಇಟ್ಟುಕೊಳ್ಳುತ್ತಿದ್ದುದು, ಗಾಡಿ ತಿರುವು ದಾಟುವ ತನಕ ನನಗೆ ಕಾಣಿಸಿತು.